ನಾಯಿಗೆ ಇದ್ದಕ್ಕಿದ್ದಂತೆ ಹುಷಾರು ತಪ್ಪಿದರೆ ಎಲ್ಲಿಗೆ ಹೋಗುವುದು? ಆರು ದಾರಿಗಳ ಹೋಲಿಕೆ

ಈಚೆಗೆ ಒಂದು ರಾತ್ರಿ ಹತ್ತು ಗಂಟೆಗೆ ಅಕ್ಕನ ಮಗಳ ಫೋನ್ ಬಂತು. ಅವಳಿರುವುದು ಬೆಂಗಳೂರಿನ ಯಲಹಂಕದಲ್ಲಿ. "ಚಿಕ್ಕಮ್ಮಾ, ಬ್ರೂನೋ ಮಧ್ಯಾಹ್ನದಿಂದ ನಾಲ್ಕು ಸಲ ವಾಂತಿ ಮಾಡಿದಾನೆ. ಈಗ ಭೇದಿಯಲ್ಲಿ ರಕ್ತ ಬರ್ತಿದೆ. ಬೆಳಿಗ್ಗೆ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋಗಲಾ, ಈಗಲೇ ಯಾವುದಾದ್ರೂ ದೊಡ್ಡ ಆಸ್ಪತ್ರೆಗೆ ಹೋಗಲಾ, ಇಲ್ಲಾ ಮನೆಗೇ ಬರೋ ಡಾಕ್ಟ್ರನ್ನ ಕರೆಸಲಾ?" ಬ್ರೂನೋಗೆ ಐದು ತಿಂಗಳು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಅವನ ಒಂದು ಲಸಿಕೆ ತಪ್ಪಿತ್ತು.

ಇಂಥ ಫೋನ್ ನನಗೆ ಹೊಸದಲ್ಲ. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ನಾಯಿಗಳಿವೆ. ದನದಾಸ್ಪತ್ರೆ, ಖಾಸಗಿ ಕ್ಲಿನಿಕ್, ಶಿವಮೊಗ್ಗದ ವೆಟರ್ನರಿ ಕಾಲೇಜು, ಬೆಂಗಳೂರಿನ ರಾತ್ರಿ ಆಸ್ಪತ್ರೆ, ಎಲ್ಲ ಕಡೆಯೂ ಒಂದಲ್ಲ ಒಂದು ನಾಯಿಯನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದೇನೆ. "ಯಾವ ಆಸ್ಪತ್ರೆ ಒಳ್ಳೇದು?" ಅಂತ ತುಂಬ ಜನ ಕೇಳುತ್ತಾರೆ. ಅದಕ್ಕೆ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಈ ನಾಯಿಗೆ, ಈ ಹೊತ್ತಿನಲ್ಲಿ, ಈ ತೊಂದರೆಗೆ ಎಲ್ಲಿ ಹೋಗಬೇಕು ಅಂತ ಕೇಳಿದರೆ ಮಾತ್ರ ಹೇಳಬಹುದು.

ಹೊತ್ತು, ಸಲಕರಣೆ, ದಾರಿ, ದುಡ್ಡು

ನಾನು ನಾಲ್ಕು ವಿಷಯ ನೋಡುತ್ತೇನೆ, ಇದೇ ಕ್ರಮದಲ್ಲಿ. ಗಾಬರಿಯಲ್ಲಿ ನಾವೆಲ್ಲ ದುಡ್ಡಿನಿಂದಲೋ ದಾರಿಯಿಂದಲೋ ಲೆಕ್ಕ ಶುರು ಮಾಡುತ್ತೇವೆ. ಅಲ್ಲೇ ತಪ್ಪುವುದು.

ಮೊದಲು ಹೊತ್ತು. ನಾಯಿಗೆ ಎಷ್ಟು ಸಮಯವಿದೆ ಅಂತ ತಿಳಿಯಲು ಮನೆಯಲ್ಲೇ ಎರಡು ನಿಮಿಷ ಸಾಕು. ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅವುಗಳ ಕೆಳಗಿನ ಕಣ್ಣುರೆಪ್ಪೆಯನ್ನು ಎಳೆದು ಒಳಗಿನ ಬಣ್ಣ ನೋಡಿ. ನಿದ್ದೆಯಲ್ಲಿರುವ ನಾಯಿ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಸಲ ಉಸಿರಾಡುತ್ತಿದ್ದರೆ ಅದೂ ಒಂದು ಎಚ್ಚರಿಕೆ. ನಾಯಿಯ ಮೈಬಿಸಿ ನಮಗಿಂತ ಜಾಸ್ತಿ, ಗುದದಲ್ಲಿ ಥರ್ಮಾಮೀಟರ್ ಇಟ್ಟರೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮೂಗು ಒದ್ದೆಯಿದೆಯೋ ಒಣಗಿದೆಯೋ ಎಂಬುದರಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ನಂಬಿ ಕೂರಬೇಡಿ.

ಬೆಳಿಗ್ಗೆವರೆಗೆ ಕಾಯಲೇಬಾರದ ತೊಂದರೆಗಳು ಇವು. ಒಸಡು ಬೆಳ್ಳಗೆ ಅಥವಾ ನೀಲಿಯಾಗಿರುವುದು. ಉಸಿರಿಗೆ ಒದ್ದಾಡುವುದು. ಹೊಟ್ಟೆ ಉಬ್ಬಿ, ವಾಂತಿ ಬಂದಂತಾಗಿ ಏನೂ ಬಾರದೆ ಮತ್ತೆ ಮತ್ತೆ ಓಕರಿಸುವುದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ನಾಯಿಗಳಲ್ಲಿ ಹೀಗಾದರೆ ಜಠರ ತಿರುಚಿಕೊಂಡಿರಬಹುದು. ಆಪರೇಷನ್ ಆಗದಿದ್ದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಐದು ನಿಮಿಷ ದಾಟಿದ ಫಿಟ್ಸ್, ಅಥವಾ ಒಂದೇ ದಿನ ಎರಡು ಮೂರು ಸಲ ಬಂದ ಫಿಟ್ಸ್. ಮೂತ್ರ ಮಾಡಲು ತಿಣುಕಿದರೂ ಹನಿಯೂ ಬಾರದಿರುವುದು. ಇಲಿಪಾಷಾಣ ತಿಂದಿರುವುದು, ಹಾವು ಕಚ್ಚಿರುವುದು, ಗಾಡಿ ಬಡಿದಿರುವುದು. ಬಿಸಿಲಿಗೆ ಕುಸಿದು ಮೈಬಿಸಿ 105 ದಾಟಿರುವುದು. ಮರಿ ಹಾಕಲು ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬಾರದಿರುವುದು. ಮತ್ತೆ ಬ್ರೂನೋನ ಹಾಗೆ, ಚಿಕ್ಕ ಮರಿಗೆ ವಾಂತಿ ಜೊತೆ ರಕ್ತಭೇದಿ.

ಒಂದು ಸಲ ವಾಂತಿ ಮಾಡಿ ಆಮೇಲೆ ಬಾಲ ಅಲ್ಲಾಡಿಸಿಕೊಂಡು ನೀರು ಕುಡಿಯುವ ದೊಡ್ಡ ನಾಯಿಗೆ ಬೆಳಿಗ್ಗೆವರೆಗೆ ಸಮಯವಿದೆ. ಕಾಲು ಊರಿಕೊಂಡೇ ಸ್ವಲ್ಪ ಕುಂಟುವ ನಾಯಿಗೂ ಇದೆ.

ಎರಡನೆಯದು ಸಲಕರಣೆ. ಈ ತೊಂದರೆಯನ್ನು ಪತ್ತೆ ಮಾಡಲು ಏನು ಬೇಕು? ರಕ್ತಪರೀಕ್ಷೆ ಸಾಕಾ, ಎಕ್ಸ್‌ರೇ ಬೇಕಾ, ಸ್ಕ್ಯಾನಿಂಗ್ ಬೇಕಾ, ಆಪರೇಷನ್ ಟೇಬಲ್ ಬೇಕಾ? ಇದನ್ನು ನಾನು ಕಲಿತದ್ದು ನಮ್ಮ ಗೌರಿಯಿಂದ. ಗೌರಿಗೆ ಆಗ ಎಂಟು ವರ್ಷ, ಸಂತಾನಹರಣ ಆಪರೇಷನ್ ಮಾಡಿಸಿರಲಿಲ್ಲ. ಬೆದೆ ಮುಗಿದು ಒಂದೂವರೆ ತಿಂಗಳಾಗಿತ್ತು. ಊಟ ಬಿಟ್ಟಳು, ತಟ್ಟೆಗಟ್ಟಲೆ ನೀರು ಕುಡಿಯಲು ಶುರು ಮಾಡಿದಳು. ಬೇಸಿಗೆ ಅಲ್ವಾ, ಅದಕ್ಕೇ ಅಂದುಕೊಂಡೆವು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಜ್ವರ ಅಂತ ಇಂಜೆಕ್ಷನ್ ಕೊಟ್ಟರು. ಮರುದಿನವೂ ಅದೇ ಕೊಟ್ಟರು. ಅಲ್ಲಿ ಸ್ಕ್ಯಾನಿಂಗ್ ಯಂತ್ರ ಇರಲಿಲ್ಲ. "ಸ್ಕ್ಯಾನಿಂಗ್ ಮಾಡಿಸಿ" ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂರನೇ ದಿನ ಶಿವಮೊಗ್ಗದ ಕಾಲೇಜಿನಲ್ಲಿ ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ತುಂಬ ಕೀವು ಇತ್ತು. ಪಯೋಮೆಟ್ರಾ. ಅದೇ ಮಧ್ಯಾಹ್ನ ಆಪರೇಷನ್ ಮಾಡಿದರು, ಗೌರಿ ಬದುಕಿದಳು. ಆ ಎರಡು ದಿನ ಅವಳಿಗೆ ಎಷ್ಟು ನೋವಿತ್ತೋ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಆಪರೇಷನ್ ಆಗದ ಹೆಣ್ಣುನಾಯಿ, ಬೆದೆ ಮುಗಿದ ಒಂದೆರಡು ತಿಂಗಳೊಳಗೆ, ಜಾಸ್ತಿ ನೀರು ಕುಡಿದು ಊಟ ಬಿಟ್ಟರೆ ಸ್ಕ್ಯಾನಿಂಗ್ ಇರುವ ಕಡೆಗೇ ನೇರವಾಗಿ ಹೋಗಿ. ಹಿಂದಿನಿಂದ ಸ್ರಾವ ಕಾಣಲೇಬೇಕು ಅಂತಿಲ್ಲ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಹೊರಗೆ ಏನೂ ಕಾಣುವುದಿಲ್ಲ, ಅದೇ ಜಾಸ್ತಿ ಅಪಾಯ.

ಮೂರನೆಯದು ದಾರಿ. ಕಿಲೋಮೀಟರ್ ಲೆಕ್ಕಕ್ಕಿಂತ ಈಗ ಯಾರು ಗಾಡಿ ಓಡಿಸುತ್ತಾರೆ, ಅಲ್ಲಿ ಬಾಗಿಲು ತೆರೆದಿದೆಯಾ ಎಂಬುದು ಮುಖ್ಯ. ನಾಲ್ಕನೆಯದು ದುಡ್ಡು. ಮೊದಲ ದಿನದ ಬಿಲ್ ಒಂದನ್ನೇ ನೋಡಬಾರದು. ಐದು ದಿನ ಡ್ರಿಪ್ ಹಾಕಿಸಲು ಓಡಾಡುವ ಖರ್ಚು, ಕೆಲಸಕ್ಕೆ ಹಾಕುವ ರಜೆ ಎಲ್ಲ ಸೇರಬೇಕು.

ಪಶು ಆಸ್ಪತ್ರೆ

ನಮ್ಮ ಕಡೆ ಇದಕ್ಕೆ ದನದಾಸ್ಪತ್ರೆ ಅಂತಲೇ ಹೆಸರು. ಆ ಹೆಸರಿನಿಂದಲೇ ಎಷ್ಟೋ ಜನ "ಅಲ್ಲಿ ನಾಯಿ ನೋಡ್ತಾರಾ?" ಅಂತ ಅನುಮಾನ ಪಡುತ್ತಾರೆ. ನೋಡುತ್ತಾರೆ. ಅಲ್ಲಿರುವ ವೈದ್ಯರೂ ಬಿ.ವಿ.ಎಸ್ಸಿ. ಓದಿದವರೇ, ದೊಡ್ಡ ಆಸ್ಪತ್ರೆಯ ಡಾಕ್ಟರ್ ಓದಿದ್ದೂ ಮೊದಲು ಅದನ್ನೇ.

ಇದರ ಬಲ ಎಂದರೆ ಹತ್ತಿರ ಇರುವುದು, ಖರ್ಚು ತೀರ ಕಡಿಮೆ ಇರುವುದು. ಗಾಯ, ವಾಂತಿ, ಜ್ವರ, ಡ್ರಿಪ್, ರೇಬೀಸ್ ಲಸಿಕೆಗೆ ಇದು ಸಾಕು. ಹೆರಿಗೆಯ ವಿಷಯದಲ್ಲಿ ಹಳ್ಳಿಯ ಪಶುವೈದ್ಯರ ಕೈ ಪಳಗಿರುತ್ತದೆ. ಕೊರತೆಗಳೂ ಇವೆ. ಸಂಜೆಯ ಮೇಲೆ ಬಾಗಿಲು ಹಾಕಿರುತ್ತದೆ. ಹಗಲಲ್ಲೂ ಡಾಕ್ಟರ್ ಯಾವುದೋ ಹಳ್ಳಿಯ ಕೊಟ್ಟಿಗೆಗೆ ಹೋಗಿರಬಹುದು. ಹಾಗಾಗಿ ಫೋನ್ ಮಾಡದೆ ಹೊರಡಬೇಡಿ. ತಾಲ್ಲೂಕು ಮಟ್ಟದಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ಇದ್ದರೆ ಅದೃಷ್ಟ. ಕೆಲವು ಔಷಧಿಗಳನ್ನು ಹೊರಗೆ ಬರೆದುಕೊಡುತ್ತಾರೆ.

1962 ನಂಬರಿಗೆ ಫೋನ್ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನವೂ ಇದೆ. ಅದು ಮುಖ್ಯವಾಗಿ ರೈತರ ದನ, ಎಮ್ಮೆ, ಕುರಿ, ಮೇಕೆಗಳಿಗಾಗಿ ಇರುವುದು. ಬೇರೆ ಏನೂ ಇಲ್ಲದ ಹಳ್ಳಿಯಲ್ಲಿ ಒಮ್ಮೆ ಕೇಳಿ ನೋಡಬಹುದು. ಅದನ್ನೇ ನಂಬಿ ಕಾಯಬೇಡಿ.

ಮನೆ ಹತ್ತಿರದ ಖಾಸಗಿ ಕ್ಲಿನಿಕ್

ನನ್ನ ಮಟ್ಟಿಗೆ ನಾಯಿ ಸಾಕುವವರಿಗೆ ಮೊದಲು ಬೇಕಾದ್ದು ಇದು. ನಿಮ್ಮ ನಾಯಿಯನ್ನು ಮರಿಯಾಗಿದ್ದಾಗಿನಿಂದ ನೋಡಿದ ಒಬ್ಬ ಡಾಕ್ಟರ್ ಇರಬೇಕು. ಅದರ ತೂಕ, ಹಿಂದೆ ಯಾವ ಔಷಧಿ ಒಗ್ಗಲಿಲ್ಲ, ಮುಟ್ಟಿದರೆ ಕಚ್ಚುತ್ತದೋ ಇಲ್ಲವೋ ಎಲ್ಲ ಅವರಿಗೆ ಗೊತ್ತಿರುತ್ತದೆ. "ಇದು ಯಾವಾಗಲೂ ಹೀಗಿರಲ್ಲ" ಅಂತ ಅವರಿಗೇ ಅನ್ನಿಸುತ್ತದೆ. ಈ ತಿಳುವಳಿಕೆಗೆ ಯಾವ ಯಂತ್ರವೂ ಸಮವಲ್ಲ.

ಕಾಯುವುದು ಕಡಿಮೆ. ಫೀಸು ಊರಿನಿಂದ ಊರಿಗೆ ಬೇರೆ, ಆದರೆ ತಡೆಯಬಹುದಾದಷ್ಟೇ ಇರುತ್ತದೆ. ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಡಾಕ್ಟರ್ ಒಬ್ಬರೇ ಇರುವುದು ಇದರ ಕೊರತೆ. ರಾತ್ರಿ ನಾಯಿಯನ್ನು ಅಲ್ಲಿ ಉಳಿಸಿಕೊಳ್ಳಲು ಜನ ಇರುವುದಿಲ್ಲ. ದೊಡ್ಡ ಪರೀಕ್ಷೆಗಳೂ ಇರುವುದಿಲ್ಲ.

ಕ್ಲಿನಿಕ್ ಒಳ್ಳೆಯದೋ ಅಲ್ಲವೋ ಅಂತ ತಿಳಿಯಲು ನಾನು ಒಂದು ಮಾತು ಕೇಳುತ್ತೇನೆ: "ಡಾಕ್ಟ್ರೇ, ಇದು ಎರಡು ದಿನದಲ್ಲಿ ಕಡಿಮೆ ಆಗದಿದ್ರೆ ಮುಂದೇನು ಮಾಡೋಣ?" ಒಳ್ಳೆ ಡಾಕ್ಟರ್ ತಕ್ಷಣ ಹೇಳುತ್ತಾರೆ, ಈ ಪರೀಕ್ಷೆ ಮಾಡಿಸೋಣ, ಇಲ್ಲಿ ಆಗದಿದ್ದರೆ ಇಂಥ ಕಡೆ ಕಳಿಸುತ್ತೇನೆ ಅಂತ. ಉತ್ತರ ತೇಲಿಸಿದರೆ ನಾನು ಎರಡನೇ ಇಂಜೆಕ್ಷನ್‌ಗೆ ಕಾಯುವುದಿಲ್ಲ.

ವೆಟರ್ನರಿ ಕಾಲೇಜಿನ ಆಸ್ಪತ್ರೆ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಶುರುವಾಗಿದ್ದು 1958ರಲ್ಲಿ. ಈಗ ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಯಲ್ಲೂ ಕಾಲೇಜುಗಳಿವೆ. ಎಲ್ಲವೂ ಬೀದರ್‌ನಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಇವು ಬರೀ ಪಾಠ ಹೇಳುವ ಜಾಗಗಳಲ್ಲ. ದಿನವೂ ನಾಯಿ, ಬೆಕ್ಕು, ದನ ನೋಡುತ್ತಾರೆ.

ಇಲ್ಲಿ ಔಷಧಿ ವಿಭಾಗ, ಶಸ್ತ್ರಚಿಕಿತ್ಸೆ, ಪ್ರಸೂತಿ ಅಂತ ಬೇರೆ ಬೇರೆ ವಿಭಾಗ ಇರುತ್ತವೆ. ಎಕ್ಸ್‌ರೇ, ಸ್ಕ್ಯಾನಿಂಗ್, ಲ್ಯಾಬ್ ಒಂದೇ ಆವರಣದಲ್ಲಿ ಸಿಗುತ್ತವೆ. ಖರ್ಚು ಖಾಸಗಿ ದೊಡ್ಡ ಆಸ್ಪತ್ರೆಗಿಂತ ಬಹಳ ಕಡಿಮೆ. ಕೈ ಬಿಗಿಯಿರುವವರಿಗೆ, ಆದರೆ ನಾಯಿಗೆ ಸರಿಯಾದ ಪರೀಕ್ಷೆ ಆಗಲೇಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ದುಡ್ಡಿನ ಬದಲು ಇಲ್ಲಿ ಸಮಯ ಕೊಡಬೇಕು. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಸಾಲಿನಲ್ಲಿ ಕೂರಬೇಕು. ಮೊದಲು ವಿದ್ಯಾರ್ಥಿಗಳು ನೋಡುತ್ತಾರೆ, ಆಮೇಲೆ ಪ್ರಾಧ್ಯಾಪಕರು. ಅದೇ ಕಥೆಯನ್ನು ಮೂರು ಸಲ ಹೇಳಬೇಕಾಗುತ್ತದೆ. ಕೆಲವರಿಗೆ ಇದು ಬೇಜಾರು. ನನಗೆ ಮಾತ್ರ ಆ ಹುಡುಗ ಹುಡುಗಿಯರು ಗೌರಿಯ ಹೊಟ್ಟೆ ಮುಟ್ಟಿ ನೋಡಿದ ರೀತಿ ಇಷ್ಟವಾಯಿತು. ಯಾವುದನ್ನೂ ಬಿಡದೆ ಕೇಳಿದರು, ಎಲ್ಲ ಬರೆದುಕೊಂಡರು. ಬೆದೆ ಯಾವಾಗ ಬಂದಿತ್ತು ಅಂತ ಮೊದಲು ಕೇಳಿದ್ದೇ ಒಬ್ಬ ವಿದ್ಯಾರ್ಥಿನಿ.

ಸಂಜೆ, ರಜಾದಿನ, ರಾತ್ರಿಯ ವ್ಯವಸ್ಥೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ಥರ. ನಿಮಗೆ ಹತ್ತಿರದ ಕಾಲೇಜಿನಲ್ಲಿ ಹೇಗಿದೆ ಅಂತ ಇವತ್ತೇ, ನಾಯಿ ಆರಾಮಾಗಿರುವಾಗಲೇ ಕೇಳಿಟ್ಟುಕೊಳ್ಳಿ.

ಇಪ್ಪತ್ನಾಲ್ಕು ಗಂಟೆಯ ಖಾಸಗಿ ಆಸ್ಪತ್ರೆ

ಇದು ದೊಡ್ಡ ನಗರದವರಿಗೆ ಮಾತ್ರ ಇರುವ ಅನುಕೂಲ. ಆಕ್ಸಿಜನ್ ಇರುತ್ತದೆ, ರಾತ್ರಿಯೂ ರಕ್ತಪರೀಕ್ಷೆ ಆಗುತ್ತದೆ, ಡ್ರಿಪ್ ಹಾಕಿದ ಮೇಲೆ ನೋಡಿಕೊಳ್ಳಲು ಜನ ಇರುತ್ತಾರೆ. ಜಠರ ತಿರುಚಿದ್ದು, ಗಾಡಿ ಬಡಿದದ್ದು, ಉಸಿರಾಟದ ತೊಂದರೆ, ಇವಕ್ಕೆ ಬೇರೆ ದಾರಿ ಹುಡುಕಬೇಡಿ.

ಖರ್ಚು ಮಾತ್ರ ಬಲು ಬೇಗ ಏರುತ್ತದೆ. ರಾತ್ರಿ ಫೀಸು, ದಿನದ ಬೆಡ್ ಚಾರ್ಜು, ಪ್ರತಿ ಪರೀಕ್ಷೆಗೆ ಬೇರೆ. ಹೋದ ಕೂಡಲೇ ಮುಂಗಡ ಕೇಳುತ್ತಾರೆ. ಇನ್ನೊಂದು ವಿಷಯ, ಬೋರ್ಡಿನಲ್ಲಿ 24 ಗಂಟೆ ಅಂತ ಬರೆದಿದ್ದರೂ ಕೆಲವು ಕಡೆ ರಾತ್ರಿ ಇರುವುದು ಸಹಾಯಕರು ಮಾತ್ರ. ಫೋನಿನಲ್ಲೇ ಕೇಳಿ: "ಈಗ ಡಾಕ್ಟರ್ ಆಸ್ಪತ್ರೆಯಲ್ಲೇ ಇದ್ದಾರಾ? ಆಪರೇಷನ್ ಬೇಕಾದ್ರೆ ಈಗಲೇ ಆಗುತ್ತಾ?" ಈ ಎರಡು ಪ್ರಶ್ನೆಗೆ "ಹೌದು" ಬಂದರೆ ಮಾತ್ರ ಗಾಡಿ ತೆಗೆಯಿರಿ.

ಮನೆಗೆ ಬರುವ ಡಾಕ್ಟರ್, ಫೋನಿನಲ್ಲಿ ಸಿಗುವ ಡಾಕ್ಟರ್

ಎದ್ದು ನಿಲ್ಲಲಾಗದ 40 ಕೆ.ಜಿ. ತೂಕದ ಮುದಿ ನಾಯಿಯನ್ನು ಮೂರನೇ ಮಹಡಿಯಿಂದ ಇಳಿಸುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಅಂಥವರಿಗೆ ಮನೆಗೆ ಬರುವ ಡಾಕ್ಟರ್ ದೊಡ್ಡ ಆಸರೆ. ಆಸ್ಪತ್ರೆ ಅಂದರೆ ಹೆದರಿ ನಡುಗುವ ನಾಯಿಗೂ ಒಳ್ಳೆಯದು. ಇಂಜೆಕ್ಷನ್, ಡ್ರಿಪ್, ಗಾಯಕ್ಕೆ ಪಟ್ಟಿ, ರಕ್ತ ತೆಗೆದು ಲ್ಯಾಬಿಗೆ ಕಳಿಸುವುದು ಎಲ್ಲ ಆಗುತ್ತದೆ. ಆದರೆ ಬ್ಯಾಗಿನಲ್ಲಿ ಎಕ್ಸ್‌ರೇ ಬರುವುದಿಲ್ಲ, ಆಕ್ಸಿಜನ್ ಬರುವುದಿಲ್ಲ. ತುರ್ತಿನಲ್ಲಿ ಅವರು ಬರುವವರೆಗೆ ಕಾಯುವ ಒಂದು ಗಂಟೆ ನಷ್ಟವೇ.

ಬರುವವರು ನೋಂದಾಯಿತ ಪಶುವೈದ್ಯರಾ ಅಂತ ಕೇಳಲು ಸಂಕೋಚ ಬೇಡ. ರಾಜ್ಯದ ಪಶುವೈದ್ಯ ಪರಿಷತ್ತಿನಲ್ಲಿ ಪ್ರತಿ ವೈದ್ಯರಿಗೂ ನೋಂದಣಿ ಸಂಖ್ಯೆ ಇರುತ್ತದೆ. ಚೀಟಿಯಲ್ಲಿ ಆ ಸಂಖ್ಯೆ ಇರಬೇಕು. ಲಸಿಕೆ ಹಾಕಲು ಬರುವ ಸಹಾಯಕರು ಒಳ್ಳೆಯವರೇ ಇರಬಹುದು, ರೋಗ ಪತ್ತೆ ಮಾಡುವುದು ಮಾತ್ರ ಅವರ ಕೆಲಸವಲ್ಲ.

ಫೋನು, ವಿಡಿಯೋ ಕರೆಯಿಂದ ಒಂದೇ ಒಂದು ಕೆಲಸ ಚೆನ್ನಾಗಿ ಆಗುತ್ತದೆ. ಈಗ ಹೊರಡಬೇಕಾ, ಬೆಳಿಗ್ಗೆ ಸಾಕಾ ಅಂತ ತಿಳಿಯುತ್ತದೆ. ಒಸಡಿನ ಫೋಟೋ, ವಾಂತಿಯ ಫೋಟೋ, ನಡೆಯುವ ರೀತಿಯ ವಿಡಿಯೋ ಕಳಿಸಿ. ಫಿಟ್ಸ್ ಬಂದರೆ ಮನೆಯಲ್ಲಿ ಒಬ್ಬರು ವಿಡಿಯೋ ತೆಗೆಯಲಿ, ಆಸ್ಪತ್ರೆ ತಲುಪುವ ಹೊತ್ತಿಗೆ ಅದು ನಿಂತಿರುತ್ತದೆ.

ಬೀದಿ ಪ್ರಾಣಿಗಳಿಗಾಗಿ ದುಡಿಯುವ ಸಂಸ್ಥೆಗಳ ಬಗ್ಗೆಯೂ ಕೇಳುತ್ತಾರೆ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥವು ಮುಖ್ಯವಾಗಿ ದಿಕ್ಕಿಲ್ಲದ ಪ್ರಾಣಿಗಳಿಗಾಗಿ ಇವೆ. ನೀವು ಅನ್ನ ಹಾಕುವ ಬೀದಿ ನಾಯಿಗೆ ಗಾಯವಾದರೆ ಮೊದಲು ಇಂಥವರನ್ನೇ ಕೇಳಿ. ಮನೆ ನಾಯಿಗೆ ಖರ್ಚು ಉಳಿಸಲು ಆ ಜಾಗ ತುಂಬಿಸುವುದು ನನಗೆ ಸರಿ ಕಾಣುವುದಿಲ್ಲ.

ಹತ್ತಿರದಲ್ಲಿ ನಿಲ್ಲಿಸಿ, ಆಮೇಲೆ ದೂರ ಹೋಗಿ

ಒಂದನ್ನೇ ಆರಿಸಬೇಕು ಅಂತ ಯಾರು ಹೇಳಿದರು? ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಕುಸಿದು ಬಿದ್ದ ನಾಯಿಯನ್ನು ಹಾಗೇ ಗಾಡಿಗೆ ಹಾಕಿಕೊಂಡು ಒಂದೂವರೆ ಗಂಟೆ ಓಡಿಸಿದರೆ ದಾರಿಯಲ್ಲೇ ಕಳೆದುಕೊಳ್ಳಬಹುದು. ಮೊದಲು ಇಲ್ಲಿನ ಡಾಕ್ಟರ್ ಹತ್ತಿರ ನಿಲ್ಲಿಸಿ. ರಕ್ತನಾಳಕ್ಕೆ ಕ್ಯಾನುಲಾ ಹಾಕಿ ಡ್ರಿಪ್ ಶುರು ಮಾಡಲಿ, ನೋವಿಗೆ ಇಂಜೆಕ್ಷನ್ ಕೊಡಲಿ. ಏನು ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಹೊರಡಿ. ಜಠರ ತಿರುಚಿದ ನಾಯಿಗೂ ಹತ್ತಿರದಲ್ಲಿ ಗಾಳಿ ತೆಗೆದು ಸ್ವಲ್ಪ ಹೊತ್ತು ಗಳಿಸಿಕೊಡಬಹುದು.

ನಗರದಲ್ಲಿ ಇದು ಉಲ್ಟಾ ಆಗುತ್ತದೆ. ರಾತ್ರಿ ದೊಡ್ಡ ಆಸ್ಪತ್ರೆ, ಅಪಾಯ ಕಳೆದ ಮೇಲೆ ಕಾಲೇಜು ಅಥವಾ ನಿಮ್ಮ ಡಾಕ್ಟರ್. ಬ್ರೂನೋ ವಿಷಯದಲ್ಲಿ ಅಕ್ಕನ ಮಗಳಿಗೆ ನಾನು ಹೇಳಿದ್ದು ಇದನ್ನೇ. "ಈಗ ಹೊರಡು. ಪಾರ್ವೋ ಇರಬಹುದು ಅಂತ ಫೋನಿನಲ್ಲೇ ಹೇಳು, ಬೇರೆ ಮರಿಗಳಿಗೆ ಅಂಟದ ಹಾಗೆ ಅವನನ್ನ ಪ್ರತ್ಯೇಕ ಇಡ್ತಾರೆ. ರಾತ್ರಿ ಡ್ರಿಪ್ ಆಗಲಿ. ಬೆಳಿಗ್ಗೆ ಕೂತು ಲೆಕ್ಕ ಹಾಕೋಣ." ಪಾರ್ವೋ ಅಂದರೆ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಾಣು ರೋಗ.

ದುಡ್ಡಿನ ಮಾತನ್ನು ಮೊದಲೇ ಆಡಿ

ನಾಯಿಗೆ ಹುಷಾರಿಲ್ಲದಾಗ ದುಡ್ಡಿನ ಬಗ್ಗೆ ಕೇಳಿದರೆ ಪ್ರೀತಿ ಕಡಿಮೆ ಅಂದುಕೊಳ್ಳುತ್ತಾರೆ ಅಂತ ತುಂಬ ಜನ ಸುಮ್ನೆ ಇರುತ್ತಾರೆ. ಮೂರನೇ ದಿನ ದುಡ್ಡು ಮುಗಿದು, ಅರ್ಧ ಚಿಕಿತ್ಸೆಯಲ್ಲೇ ನಾಯಿಯನ್ನು ಮನೆಗೆ ತರುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟದ್ದು. ಮೊದಲೇ ಹೇಳಿ: "ಡಾಕ್ಟ್ರೇ, ನಮ್ಮ ಹತ್ರ ಇಷ್ಟಿದೆ. ಇದರಲ್ಲಿ ಯಾವ ಪರೀಕ್ಷೆ ಮೊದಲು ಮಾಡಿಸೋಣ? ಯಾವುದನ್ನ ನಾಳೆಗೆ ಬಿಡಬಹುದು?" ಹತ್ತು ಪರೀಕ್ಷೆಯ ಪಟ್ಟಿಯಲ್ಲಿ ಚಿಕಿತ್ಸೆಯ ದಿಕ್ಕು ಬದಲಿಸುವುದು ಎರಡೋ ಮೂರೋ ಇರುತ್ತವೆ. ಅವನ್ನು ಮೊದಲು ಮಾಡಿಸಿ.

ಪಾರ್ವೋ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ ಇದೆ. ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು 40 ನಾಯಿಗಳ ಮೇಲೆ ಒಂದು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. 20 ನಾಯಿಗಳಿಗೆ ಪೂರ್ತಿ ದಾಖಲಾತಿ ಚಿಕಿತ್ಸೆ. ಉಳಿದ 20ಕ್ಕೆ ಮೊದಲು ರಕ್ತನಾಳದಲ್ಲಿ ಡ್ರಿಪ್ ಕೊಟ್ಟು ಸುಧಾರಿಸಿ, ಆಮೇಲೆ ಮನೆಯಲ್ಲಿ ಕೊಡಬಹುದಾದ ಥರದ ಚಿಕಿತ್ಸೆ: ಚರ್ಮದಡಿ ದ್ರವ, ವಾಂತಿ ನಿಲ್ಲುವ ಇಂಜೆಕ್ಷನ್, ಆ್ಯಂಟಿಬಯಾಟಿಕ್. ಮೊದಲ ಗುಂಪಿನಲ್ಲಿ 18 ಬದುಕಿದವು, ಎರಡನೆಯದರಲ್ಲಿ 16. ದಾಖಲಾತಿಯೇ ಮೇಲು, ಅನುಮಾನವಿಲ್ಲ. ಆದರೆ ಐದು ದಿನದ ಬೆಡ್ ಚಾರ್ಜು ಕಟ್ಟಲು ಆಗದವರು ಕೈಚೆಲ್ಲಬೇಕಾಗಿಲ್ಲ. ಮೊದಲ ರಾತ್ರಿ ದೊಡ್ಡ ಆಸ್ಪತ್ರೆ, ಆಮೇಲೆ ದಿನವೂ ಕ್ಲಿನಿಕ್‌ಗೆ ಹೋಗಿ ಬರುವುದು, ಡಾಕ್ಟರ್ ಒಪ್ಪಿದರೆ ಇದೂ ಒಂದು ದಾರಿ. ಮನೆಯಲ್ಲಿ ಒಬ್ಬರು ಕೆಲಸ ಬಿಟ್ಟು ಮರಿಯ ಪಕ್ಕ ಕೂರಬೇಕು, ಅಷ್ಟೆ.

ನಾಯಿಗೆ ವಿಮೆ ಮಾಡಿಸುವವರು ಅದು ಆರೋಗ್ಯವಾಗಿರುವಾಗಲೇ ಮಾಡಿಸಿ, ವಯಸ್ಸಿನ ಮಿತಿಯನ್ನೂ ಮೊದಲೇ ಇದ್ದ ಕಾಯಿಲೆಗಳ ಷರತ್ತನ್ನೂ ಓದಿ. ನನ್ನ ಪದ್ಧತಿ ಬೇರೆ. ತಿಂಗಳಿಗೆ ಐನೂರು ರೂಪಾಯಿ ನಾಯಿಗಳ ಹೆಸರಿನಲ್ಲಿ ಪೋಸ್ಟ್ ಆಫೀಸಿನ ಆರ್.ಡಿ.ಗೆ ಹಾಕುತ್ತೇನೆ.

ಯಾವ ತೊಂದರೆಗೆ ಎಲ್ಲಿ

ನಮ್ಮ ಕಡೆ ಅತಿ ಹೆಚ್ಚು ನೋಡುವುದು ಉಣ್ಣಿ ಜ್ವರ. ಊಟ ಬಿಡುವುದು, ಜ್ವರ, ಒಸಡು ಬಿಳಚಿಕೊಳ್ಳುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಪಶು ಆಸ್ಪತ್ರೆಯಲ್ಲೂ ಕ್ಲಿನಿಕ್‌ನಲ್ಲೂ ಇದಕ್ಕೆ ಚಿಕಿತ್ಸೆ ಸಿಗುತ್ತದೆ. ಆದರೆ ಉಣ್ಣಿಯಿಂದ ಬರುವ ಕಾಯಿಲೆ ಒಂದೇ ಅಲ್ಲ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಮಾತ್ರೆ ಸುಮಾರು 28 ದಿನ ಕೊಡುತ್ತಾರೆ. ಬೆಬೇಸಿಯಾ ಇದ್ದರೆ ಅದೊಂದೇ ಸಾಲದು, ಬೇರೆ ಔಷಧಿ ಬೇಕು. ಬೆಬೇಸಿಯಾದಲ್ಲಿ ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು. ಹಾಗಾಗಿ ರಕ್ತಪರೀಕ್ಷೆ ಮಾಡಿಸದೆ ಮಾತ್ರೆ ಶುರು ಮಾಡುವ ಕಡೆ ನಾನು ನಿಲ್ಲುವುದಿಲ್ಲ. ರಕ್ತ ಲ್ಯಾಬಿಗೆ ಹೋದರೆ ಸಾಕು, ನಾಯಿ ಮನೆಯಲ್ಲೇ ಇರಬಹುದು. ರಕ್ತ ತೀರ ಕಡಿಮೆಯಾಗಿ ಬೇರೆ ನಾಯಿಯ ರಕ್ತ ಕೊಡಿಸುವ ಸ್ಥಿತಿ ಬಂದರೆ ಕಾಲೇಜು ಅಥವಾ ದೊಡ್ಡ ಆಸ್ಪತ್ರೆಗೇ ಹೋಗಬೇಕು. ನಿಮ್ಮ ಪರಿಚಯದವರ ಹತ್ತಿರ ದೊಡ್ಡ, ಆರೋಗ್ಯವಂತ, ಲಸಿಕೆ ಹಾಕಿಸಿದ ನಾಯಿ ಇದ್ದರೆ ಅದನ್ನೂ ಕರೆದುಕೊಂಡು ಹೋಗಿ.

ಹಾವು ಕಚ್ಚಿದರೆ ಆಸ್ಪತ್ರೆಯ ಹೆಸರು ನೋಡಬೇಡಿ. ವಿಷಕ್ಕೆ ಪ್ರತಿಯಾಗಿ ಕೊಡುವ ಎ.ಎಸ್.ವಿ. ಈಗ ಯಾರ ಹತ್ತಿರ ಇದೆ ಅಂತ ನಾಲ್ಕು ಕಡೆ ಫೋನ್ ಮಾಡಿ. ನಾಯಿಗೆ ಕೊಡುವುದು ಮನುಷ್ಯರಿಗೆ ಕೊಡುವ ಅದೇ ಔಷಧಿ. ಅದು ನಾಗರಹಾವು, ಕೊಳಕುಮಂಡಲ ಸೇರಿದಂತೆ ನಾಲ್ಕು ಹಾವುಗಳ ವಿಷಕ್ಕೆ. ಮಲೆನಾಡಿನ ತೋಟಗಳಲ್ಲಿರುವ ಗುಳಿಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲ. ಅದಕ್ಕೇ ದೂರದಿಂದ ಹಾವಿನ ಫೋಟೋ ಸಿಕ್ಕರೆ ಒಳ್ಳೆಯದು, ಹುಡುಕಿಕೊಂಡು ಹೋಗಬೇಡಿ. ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡೇ ಹೋಗಿ.

ವಿಷ ತಿಂದಿದ್ದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ಹಳೆ ಪದ್ಧತಿ ಬಿಡಿ. ಅದರಿಂದ ಅಪಾಯವೇ ಜಾಸ್ತಿ. ತಿಂದ ವಿಷದ ಪೊಟ್ಟಣ ಜೊತೆಗಿರಲಿ, ಯಾಕೆಂದರೆ ಇಲಿಪಾಷಾಣದಲ್ಲಿ ಬೇರೆ ಬೇರೆ ಜಾತಿ ಇವೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಗೆ ವಿಟಮಿನ್ ಕೆ1 ಇದೆ. ಅದರಲ್ಲಿ ನಾಯಿ ಎರಡು ಮೂರು ದಿನ ಆರಾಮಾಗೇ ಕಾಣುತ್ತದೆ. "ಏನೂ ಆಗಿಲ್ಲ" ಅಂತ ಸುಮ್ಮನಾಗಬೇಡಿ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಈ ಥರದ ತೆಳು ಮೈಯ ಬೇಟೆ ನಾಯಿಗಳಲ್ಲಿ ಕೊಬ್ಬು ಕಡಿಮೆ. ಕೆಲವು ಅರಿವಳಿಕೆ ಔಷಧಿಗಳಿಂದ ಅವು ಎಚ್ಚರಗೊಳ್ಳಲು ತುಂಬ ಹೊತ್ತು ಹಿಡಿಯುತ್ತದೆ. ಆಪರೇಷನ್‌ಗೆ ಮುಂಚೆ ತಳಿಯ ಹೆಸರನ್ನು ನೀವೇ ಬಾಯಿಬಿಟ್ಟು ಹೇಳಿ.

ಹೊರಡುವ ಮುಂಚೆ

ನಮ್ಮ ಡಬ್ಬಿಯ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಲಿವರ್ ಹೋಗುತ್ತದೆ. ಬಿಸಿಲಿಗೆ ಕುಸಿದಿದ್ದರೆ ಮೈಗೆ ನೀರು ಸುರಿದು, ಗಾಳಿ ಹಾಕುತ್ತಾ ಕರೆದುಕೊಂಡು ಹೋಗಿ. ನೋವಿರುವ ನಾಯಿ ಮನೆಯವರನ್ನೂ ಕಚ್ಚಬಹುದು, ಹಳೇ ವೇಲಿನಿಂದ ಮೂತಿಗೆ ಸಡಿಲವಾಗಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಕಟ್ಟಬೇಡಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ನೀವೂ ಆಸ್ಪತ್ರೆಗೆ ಹೋಗಿ.

ಲಸಿಕೆ ಪುಸ್ತಕ, ಹಳೇ ಚೀಟಿಗಳು, ಒಂದು ದಪ್ಪ ಬೆಡ್‌ಶೀಟು ಜೊತೆಗಿರಲಿ. ಎತ್ತಲು ಆಗದ ನಾಯಿಯನ್ನು ಬೆಡ್‌ಶೀಟಿನ ಮೇಲೆ ಮಲಗಿಸಿ ಇಬ್ಬರು ಎರಡು ತುದಿ ಹಿಡಿದರೆ ಸುಲಭ.

ಬ್ರೂನೋ ಒಂದು ರಾತ್ರಿ ದೊಡ್ಡ ಆಸ್ಪತ್ರೆಯಲ್ಲಿದ್ದ. ಪರೀಕ್ಷೆಯಲ್ಲಿ ಪಾರ್ವೋ ಅಂತಲೇ ಬಂತು. ಬೆಳಿಗ್ಗೆ ಹೊತ್ತಿಗೆ ವಾಂತಿ ನಿಂತಿತ್ತು, ಒಸಡಿಗೆ ಬಣ್ಣ ಬಂದಿತ್ತು. ಅಕ್ಕನ ಮಗಳು ಅಲ್ಲಿನ ಡಾಕ್ಟರ್ ಹತ್ತಿರ ಮಾತಾಡಿ, ಮುಂದಿನ ನಾಲ್ಕು ದಿನ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಡ್ರಿಪ್ ಹಾಕಿಸಿದಳು. ಐದನೇ ದಿನ ಅವನು ಬೇಯಿಸಿದ ಕೋಳಿ ಮತ್ತು ಅನ್ನ ನಾಲ್ಕು ತುತ್ತು ತಿಂದ ವಿಡಿಯೋ ಕಳಿಸಿದ್ದಳು. ಈಗ ಅವಳ ಮುಂದಿರುವ ಕೆಲಸ ಮನೆ ತೊಳೆಯುವುದು. ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ಬ್ಲೀಚ್ ಬೆರೆಸಿದ ನೀರು ಹಾಕಿ 10 ನಿಮಿಷ ಬಿಟ್ಟು ಒರೆಸಬೇಕು. ಪಕ್ಕದ ಮನೆಯವರು ಮುಂದಿನ ವಾರ ಒಂದು ಮರಿ ತರುವವರಿದ್ದರಂತೆ. ಅದರ ಲಸಿಕೆಗಳೆಲ್ಲ ಮುಗಿಯುವವರೆಗೆ ಈ ಅಂಗಳಕ್ಕೆ ಬಿಡಬೇಡಿ ಅಂತ ಅವಳು ನಿನ್ನೆಯೇ ಹೋಗಿ ಹೇಳಿ ಬಂದಿದ್ದಾಳೆ.